ತಡೆಯಾಜ್ಞೆ ತಂದುಕೊಟ್ಟ ವಕೀಲರ ಕಚೇರಿ: ಐದಕ್ಕೆ ಮೂರು ಅಂಕ

2019ರಲ್ಲಿ ಬೆಂಗಳೂರಿನ ನಮ್ಮ ಮನೆಯ ಗೇಟಿಗೆ ತೆರವಿನ ಆದೇಶವನ್ನು ಅಂಟಿಸಿ ಹೋದ ದಿನವೇ ನಾನು ಈ ವಕೀಲರ ಕಚೇರಿಯ ಮೆಟ್ಟಿಲು ಹತ್ತಿದೆ. ತಪ್ಪು ನಮ್ಮದೇ. ಮೂವತ್ತು-ನಲವತ್ತರ ನಿವೇಶನಕ್ಕೆ ಮಂಜೂರಾದ ನಕ್ಷೆಯಲ್ಲಿ ನೆಲಮಹಡಿಯೂ ಸೇರಿ ಮೂರು ಅಂತಸ್ತುಗಳಿದ್ದವು; ನಾವು ನಾಲ್ಕನೆಯದನ್ನು ಎಬ್ಬಿಸಿದ್ದಲ್ಲದೆ, ಸೆಟ್‌ಬ್ಯಾಕ್‌ಗೆಂದು ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗವನ್ನೂ ಒಂದು ಬದಿಯಲ್ಲಿ ನುಂಗಿದ್ದೆವು. ಕಚೇರಿಯ ಹೆಸರು ಇಲ್ಲಿ ಬೇಡ. ಇಂಥ ಸೇವೆಗೆ ಹಣ ಕೊಡುವವರು ಏನನ್ನು ಕೇಳಿ ಪಡೆಯಬೇಕೆಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೊದಲ ದಿನದ ಕೆಲಸಕ್ಕೆ ಪೂರ್ಣ ಅಂಕ ಕೊಡಬಹುದು. ಆಗ ಬೆಂಗಳೂರಿಗೆ ಅನ್ವಯವಾಗುತ್ತಿದ್ದ ಪೌರ ನಿಗಮಗಳ ಕಾಯ್ದೆಯ 321ನೇ ಕಲಮಿನಡಿ ಮೊದಲು ತಾತ್ಕಾಲಿಕ ಆದೇಶ, ಜೊತೆಗೆ ಕಾರಣ ಕೇಳುವ ನೋಟಿಸು, ಕೊನೆಗೆ ಮೂರನೇ ಉಪಕಲಮಿನ ದೃಢೀಕರಣ ಆದೇಶ ಬರುತ್ತದೆಂದೂ, ಆ ಕೊನೆಯ ಆದೇಶದ ವಿರುದ್ಧ 443ಎ ಕಲಮಿನಡಿ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದೆಂದೂ ಕಿರಿಯ ವಕೀಲೆಯೊಬ್ಬರು ಕಾಗದದ ಮೇಲೆ ಬರೆದು ತೋರಿಸಿದರು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಜೆಸಿಬಿ ನಿಲ್ಲುವುದಿಲ್ಲ, ತಡೆಯಾಜ್ಞೆ ಕೋರಿ ಪ್ರತ್ಯೇಕ ಮಧ್ಯಂತರ ಅರ್ಜಿಯನ್ನೇ ಹಾಕಬೇಕು ಎಂಬುದನ್ನು ಅವರು ಒತ್ತಿ ಹೇಳಿದರು. ತಡೆಯಾಜ್ಞೆ ಸಿಕ್ಕ ಮೇಲೆ ಅದರ ದೃಢೀಕೃತ ಪ್ರತಿಯನ್ನು ಪಾಲಿಕೆಯ ಎಂಜಿನಿಯರರ ಕಚೇರಿಗೆ ನಮ್ಮ ಕೈಯಿಂದಲೇ ಮುಟ್ಟಿಸಿ ಸ್ವೀಕೃತಿ ಮೊಹರು ಹಾಕಿಸಿಕೊಂಡರು. ಅದೇ ಸಂಜೆ ಮೇಲಿನ ಮಹಡಿಯ ಟೈಲ್ಸ್ ಕೆಲಸ ನಿಲ್ಲಿಸಿ, ದಿನಾಂಕ ಕಾಣುವಂತೆ ಫೋಟೋ ತೆಗೆದಿಡಲು ಹೇಳಿದ್ದೂ ಅವರೇ. ತಡೆಯಾಜ್ಞೆಯ ನೆರಳಿನಲ್ಲಿ ಇನ್ನೊಂದು ಮಹಡಿ ಏರಿಸುವವರನ್ನು ಈ ಊರಿನಲ್ಲಿ ಯಾರು ನೋಡಿಲ್ಲ!

ನಂತರದ ಸೇವೆಯ ಮಟ್ಟ ಹಾಗಿರಲಿಲ್ಲ. ತಡೆಯಾಜ್ಞೆ ಮುಂದಿನ ವಿಚಾರಣೆಯವರೆಗೆ ಮಾತ್ರ ಇತ್ತು. ಪ್ರತಿ ಸಲವೂ ಅದನ್ನು ಮುಂದುವರಿಸಬೇಕೆಂದು ಕೇಳಿಕೊಳ್ಳಬೇಕಿತ್ತು. ಹಾಗಿದ್ದೂ ಮುಂದಿನ ದಿನಾಂಕವನ್ನು ಕಚೇರಿಯವರು ತಾವಾಗಿ ಒಮ್ಮೆಯೂ ತಿಳಿಸಲಿಲ್ಲ. ಎರಡು ಬಾರಿ ಗುಮಾಸ್ತರಿಗೆ ಫೋನು ಮಾಡಿ ಮಾಡಿ ಸುಸ್ತಾದೆ. ಇದಕ್ಕಿಂತ ದೊಡ್ಡ ದೂರು ಹಿರಿಯ ವಕೀಲರ ಸಮಾಧಾನದ ಮಾತಿನ ಬಗ್ಗೆ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆ ಬಂದೇ ಬರುತ್ತದೆ, ಅಲ್ಲಿಯವರೆಗೆ ಎಳೆದರೆ ಸಾಕು ಎಂದು ಅವರು ಹೇಳುತ್ತಲೇ ಇದ್ದರು. ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆ ನೀಡಿತ್ತು. ಅದು ಜಾರಿಯಾದರೂ ವಾಸದ ಕಟ್ಟಡಗಳಲ್ಲಿ ಶೇ 50ರವರೆಗಿನ ಉಲ್ಲಂಘನೆಗೆ ಮಾತ್ರ ಅವಕಾಶವಿತ್ತು. ನಮ್ಮ ಸೆಟ್‌ಬ್ಯಾಕ್ ಆ ಲೆಕ್ಕಕ್ಕೆ ಬರುತ್ತದೆಯೇ ಎಂದು ಟೇಪು ಹಿಡಿದು ಅಳೆಸಿದ್ದು ಮತ್ತೆ ಆ ಕಿರಿಯ ವಕೀಲೆಯೇ. ಬರುತ್ತಿರಲಿಲ್ಲ.

ತಡೆಯಾಜ್ಞೆ ನಮಗೆ ಕೊಟ್ಟದ್ದು ಸಮಯವನ್ನೇ ಹೊರತು ಪರವಾನಗಿಯನ್ನಲ್ಲ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಆ ಸಮಯದ ಬೆಲೆ ತೆತ್ತವರು ಪಕ್ಕದ ಮನೆಯವರು. ನಮ್ಮ ಗೋಡೆ ಬೆಳಕು ತಡೆದು, ಅವರ ಅಡುಗೆಮನೆಯಲ್ಲಿ ಹಗಲೂ ದೀಪ ಉರಿಯುತ್ತಿತ್ತು.

ಈಗ ಇಂಥ ಕಚೇರಿಗೆ ಹೋಗುವವರು ಸುಪ್ರೀಂ ಕೋರ್ಟಿನ 2024ರ ಎರಡು ತೀರ್ಪುಗಳ ಬಗ್ಗೆ ನೇರವಾಗಿ ಕೇಳಬೇಕು. ನವೆಂಬರ್ 13ರ ತೀರ್ಪು ಕಟ್ಟಡ ಒಡೆಯುವ ಮುನ್ನ 15 ದಿನಗಳ ನೋಟಿಸು, ಖುದ್ದು ವಿಚಾರಣೆ, ಅಂತಿಮ ಆದೇಶದ ನಂತರವೂ 15 ದಿನಗಳ ಬಿಡುವು ಇವುಗಳನ್ನು ಕಡ್ಡಾಯಗೊಳಿಸಿದೆ. ಆದರೆ ರಸ್ತೆ, ಕಾಲುದಾರಿ, ರೈಲುಹಳಿಯ ಪಕ್ಕ, ನದಿ ಅಥವಾ ಕೆರೆಯ ಜಾಗದಲ್ಲಿ ಕಟ್ಟಿದವರಿಗೆ ಈ ರಕ್ಷಣೆ ಇಲ್ಲ. ಮೀರತ್‌ನ ಅನಧಿಕೃತ ಕಟ್ಟಡದ ಪ್ರಕರಣದಲ್ಲಿ ಬಂದ ಡಿಸೆಂಬರ್ 17ರ ತೀರ್ಪು ಸಕ್ರಮದ ಅರ್ಜಿಗಳನ್ನೂ ಬಾಕಿ ಇರುವ ಮೇಲ್ಮನವಿಗಳನ್ನೂ 90 ದಿನಗಳೊಳಗೆ ಮುಗಿಸುವಂತೆ ಪ್ರಾಧಿಕಾರಗಳಿಗೆ ಹೇಳಿದೆ. ಹೀಗಿರುವಾಗ ವರ್ಷಗಟ್ಟಲೆ ಎಳೆಯುವ ಭರವಸೆಯನ್ನೇ ಮಾರುವ ವಕೀಲರಿಗೆ ಮುಂಗಡ ಕೊಡುವ ಮುನ್ನ ಯೋಚಿಸಿ.

ನಮ್ಮ ಮೇಲ್ಮನವಿಯನ್ನು ಕೊನೆಗೆ ನಾವೇ ಹಿಂಪಡೆದೆವು. ಅಷ್ಟರೊಳಗೆ ಬಾಡಿಗೆಯವರಿಗೆ ಬೇರೆ ಮನೆ ಸಿಕ್ಕಿತ್ತು. ನಾಲ್ಕನೇ ಅಂತಸ್ತನ್ನೂ ಸೆಟ್‌ಬ್ಯಾಕ್‌ಗೆ ಚಾಚಿದ್ದ ಗೋಡೆಯನ್ನೂ ನಮ್ಮದೇ ಮೇಸ್ತ್ರಿಯಿಂದ ಒಡೆಸಿ, ಕಿಟಕಿ ಬಾಗಿಲುಗಳನ್ನು ಜೋಪಾನವಾಗಿ ಇಳಿಸಿಕೊಂಡೆವು. ಮೂರು ಅಂಕಗಳಲ್ಲಿ ಎರಡೂವರೆ ಆ ಕಿರಿಯ ವಕೀಲೆಗೇ ಸಲ್ಲಬೇಕು.