ಟೇಲರ್ ಮಂಜಿಲ್ ನೋಡಲು ಸುರಪುರಕ್ಕೆ ಹೊರಟವರು ಗೇಟಿನಿಂದಲೇ ವಾಪಸ್ ಬರಬಾರದೆಂದರೆ

ಬೇಸಿಗೆ ರಜೆ, ಎರಡನೇ ಶನಿವಾರ, ಕಲಬುರಗಿಯಿಂದ ಬಾಡಿಗೆ ಕಾರು, ಒಳಗೆ ಅಜ್ಜ ಅಜ್ಜಿ ಸೇರಿ ಏಳು ಜನ. ನಾಷ್ಟಾ ಮುಗಿಸಿ ಹತ್ತಕ್ಕೆ ಹೊರಟವರು ಜೇವರ್ಗಿ, ಶಹಾಪುರ ದಾಟಿ ಯಾದಗಿರಿ ಜಿಲ್ಲೆಯ ಸುರಪುರದ ಗುಡ್ಡ ಏರುವಾಗ ಮಧ್ಯಾಹ್ನ ಒಂದೂವರೆ. ಗೇಟಿನಲ್ಲಿ ಕೇಳಿದ್ದು ಒಂದೇ ಮಾತು: "ಪರ್ಮಿಶನ್ ಐತೇನ್ರಿ? ಒಳಗ ಸಾಹೇಬ್ರು ಅದಾರ." ಅರ್ಧ ಗಂಟೆ ಬಿಸಿಲಲ್ಲಿ ನಿಂತು, ಗೋಡೆಯ ಹೊರಗೆ ಸೆಲ್ಫಿ ತೆಗೆದುಕೊಂಡು ವಾಪಸ್. ದಾರಿಯಲ್ಲಿ ಮಗುವಿಗೆ ವಾಂತಿ, ರಾತ್ರಿ ಡ್ರೈವರ್ ಜೊತೆ ಕಿಲೋಮೀಟರ್ ಜಗಳ.

ಗೇಟಿನವರದು ತಪ್ಪೇನಿಲ್ಲ. ಟೇಲರ್ ಮಂಜಿಲ್ ಮ್ಯೂಸಿಯಂ ಅಲ್ಲ. 1844ರ ಸುಮಾರಿಗೆ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಈ ಬಂಗಲೆ ಇವತ್ತು ಸರ್ಕಾರಿ ಅತಿಥಿಗೃಹ. ಬೀದರ ಕೋಟೆಗೆ ಹೋದಂತೆ ಹೋಗಿ ಒಳಗೆ ನುಗ್ಗುವ ಜಾಗವಲ್ಲ. ಅಧಿಕಾರಿಗಳೋ ಮಂತ್ರಿಗಳೋ ತಂಗಿದ್ದ ದಿನ ಒಳಗೆ ಬಿಡದಿದ್ದರೆ ವಾದ ಮಾಡಿ ಫಲವಿಲ್ಲ. ಮೊದಲೇ ತಾಲ್ಲೂಕಿನ ಲೋಕೋಪಯೋಗಿ ಇಲಾಖೆ ಕಚೇರಿಯಲ್ಲಿ ವಿಚಾರಿಸಿ, ಯಾವ ದಿನ, ಎಷ್ಟು ಜನ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಆಧಾರ್ ಕಾರ್ಡಿನ ಜೆರಾಕ್ಸ್ ಒಂದು ಜೇಬಲ್ಲಿರಲಿ.

ಬೆಂಗಳೂರು, ಮೈಸೂರು ಕಡೆಯವರು ಎಡವುವುದು ಇಲ್ಲೇ. ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆಂದು ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ: ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಎರಡು ಗಂಟೆಗೆ ಹೋದರೆ ಕುರ್ಚಿ ಮಾತ್ರ ಸಿಗುತ್ತದೆ. ಎರಡನೇ, ನಾಲ್ಕನೇ ಶನಿವಾರ ರಜೆ, ಭಾನುವಾರವಂತೂ ಇದ್ದದ್ದೇ. ಹಾಗಾಗಿ ವಾರದ ನಡುವೆ ಒಪ್ಪಿಗೆ ಕೇಳಿ, ಹೊರಡುವ ಹಿಂದಿನ ದಿನ ಕಚೇರಿ ಮುಚ್ಚುವ ಮುಂಚೆ ಇನ್ನೊಮ್ಮೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಮಂತ್ರಿಗಳ ಪ್ರವಾಸ ಪಟ್ಟಿ ರಾತ್ರೋರಾತ್ರಿ ಬದಲಾದರೆ ನಿಮ್ಮ ಒಪ್ಪಿಗೆಗೆ ಬೆಲೆಯಿಲ್ಲ.

ಇನ್ನು ಗೇಟಿನ ಹತ್ತಿರ "ನಾ ತೋರಸ್ತೀನ್ರಿ" ಎಂದು ಜೊತೆಯಾಗುವ ಗೈಡ್. ಹಣ ಹೋದರೆ ಹೋಯಿತು, ಮಕ್ಕಳ ತಲೆಗೆ ತಪ್ಪು ಇತಿಹಾಸ ಹೋಗುತ್ತದೆ. ಟೇಲರ್ ಸಾಹೇಬ ರಾಜನ ಮೇಲೆ ಯುದ್ಧ ಮಾಡಿ ಈ ಬಂಗಲೆ ಕಟ್ಟಿದ ಎಂಬ ಕತೆ ಕೇಳಿದರೆ ನಂಬಬೇಡಿ. ಟೇಲರ್ ಸುರಪುರಕ್ಕೆ ಬಂದದ್ದು 1841ರಲ್ಲಿ, ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಅವನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡು, 1853ರಲ್ಲಿ ಅಧಿಕಾರ ರಾಜನಿಗೆ ಒಪ್ಪಿಸಿ ಹೊರಟುಹೋದ. ಬ್ರಿಟಿಷರ ವಿರುದ್ಧ ರಾಜ ತಿರುಗಿಬಿದ್ದದ್ದು 1858ರ ಫೆಬ್ರವರಿಯಲ್ಲಿ, ಆಗ ಟೇಲರ್ ಇಲ್ಲಿರಲೇ ಇಲ್ಲ. ಸೆರೆಯಾದ ರಾಜನನ್ನು ಅವನು ಮತ್ತೆ ಕಂಡದ್ದು ಸಿಕಂದರಾಬಾದಿನಲ್ಲಿ. ಅದೇ ವರ್ಷ ರಾಜ ತೀರಿಕೊಂಡ, 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಬಂಗಲೆಯನ್ನೇ ಅರಮನೆ ಎಂದು ತೋರಿಸುವವರೂ ಇದ್ದಾರೆ. ನಾಯಕರ ದರ್ಬಾರು ಊರೊಳಗಿದೆ, ಅದು ಬೇರೆಯೇ ಕಟ್ಟಡ.

ಬಿಸಿಲಿನ ವಿಷಯ. ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ, ಬೋಳು ಬಂಡೆ ಸಂಜೆಯವರೆಗೂ ಕಾವು ಬಿಡುವುದಿಲ್ಲ. ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಶಹಾಪುರದಲ್ಲೇ ತುಂಬಿಸಿಕೊಳ್ಳಿ, ಗುಡ್ಡದ ಮೇಲೆ ಸಿಕ್ಕೀತೆಂದು ನಂಬಿ ಹೋಗಬೇಡಿ. ಓಆರ್‌ಎಸ್ (ನೀರಲ್ಲಿ ಕಲಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ) ಒಯ್ಯುತ್ತಾರೆ, ಆದರೆ ಕಲಸುವುದು ತಪ್ಪು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಇಮ್ಮಡಿಯಾಗಿ ಚಿಕ್ಕ ಮಕ್ಕಳಿಗೆ ಕೇಡಾಗುತ್ತದೆ. ವಾಂತಿಯಾಗಿದ್ದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯ ಇದಕ್ಕೆ ಬದಲಲ್ಲ. ಮಗು ಮಂಕಾದರೆ, ಮೂತ್ರ ನಿಂತರೆ ಕಲಬುರಗಿವರೆಗೆ ಕಾಯದೆ ಸುರಪುರದ ತಾಲ್ಲೂಕು ಆಸ್ಪತ್ರೆಗೇ ಹೋಗಿ.

ಕಾರಿನ ಲೆಕ್ಕ ಹೊರಡುವ ಮುಂಚೆ ಮುಗಿಸಿ. ಹೊರಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಹಿಡಿಯುತ್ತಾರೆ, ಮೇಲೆ ಡ್ರೈವರ್ ಬಾಟಾ. ಸುರಪುರ ಕಲಬುರಗಿಯಿಂದ ನೂರು ಕಿಲೋಮೀಟರ್‌ಗೂ ಹೆಚ್ಚು, ಹೋಗಿಬರುವುದರಲ್ಲೇ 250ರ ಹೆಚ್ಚು ಪಾಲು ಮುಗಿಯಿತು. ವಾಗಣಗೇರಿ ಕೋಟೆ, ಬೋನಾಳ ಕೆರೆ ಅಂತ ಅಲ್ಲಿ ನಿಂತು ಸೇರಿಸಿದರೆ ಮೀಟರ್ ಮೀರುತ್ತದೆ. ಎಣಿಕೆ ನಿಮ್ಮ ಮನೆ ಬಾಗಿಲಿನಿಂದಲೋ ಗ್ಯಾರೇಜಿನಿಂದಲೋ ಕೇಳಿ, ಹತ್ತುವಾಗ ಮೀಟರಿನ ಫೋಟೊ ತೆಗೆದಿಡಿ. ರೈಲಿಗೆ ಯಾದಗಿರಿಯಲ್ಲಿ ಇಳಿಯುವವರಿಗೂ ಅಲ್ಲಿಂದ ಐವತ್ತು ಕಿಲೋಮೀಟರ್ ಮೀರಿದ ರಸ್ತೆ ಬಾಕಿ ಇರುತ್ತದೆ. ಸ್ಟೇಷನ್ನಿಗೆ ಹತ್ತಿರವೆಂದುಕೊಂಡು ಆಟೋ ಹುಡುಕಬೇಡಿ.

ಬೋನಾಳದಲ್ಲಿ ವಲಸೆ ಹಕ್ಕಿ ನೋಡಬೇಕೆಂದಿದ್ದರೆ ಬೇಸಿಗೆ ಬಿಟ್ಟು ಡಿಸೆಂಬರ್, ಜನವರಿಗೆ ಬನ್ನಿ. ಆಗ ಕಚೇರಿಯೂ ಸಂಜೆವರೆಗೆ ತೆರೆದಿರುತ್ತದೆ, ಬಂಡೆಯೂ ಕಾಲು ಸುಡುವುದಿಲ್ಲ.