ಥಾಯ್ಲೆಂಡಿನಲ್ಲಿ ಅರ್ಧ ವರ್ಷದ ನಿವೃತ್ತ ಬದುಕು: ಹೊರಡುವ ಮುನ್ನ ತಿಳಿದಿರಬೇಕಾದ ಅಪಾಯಗಳು

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ಪ್ರಯಾಣ. ಹೀಗಾಗಿ ನಮ್ಮಲ್ಲಿ ನಿವೃತ್ತರಾದ ಕೆಲವರು ಈಚೆಗೆ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂಬ ಯೋಜನೆ ಹಾಕಿಕೊಳ್ಳುತ್ತಿದ್ದಾರೆ. ನನ್ನ ಭಾವ, ಅಂದರೆ ತೀರಿಕೊಂಡ ನನ್ನ ಅಕ್ಕನ ಪತಿ, ಹೀಗೆಯೇ ಬದುಕಲು ಹೋಗಿ ನಿವೃತ್ತಿಯ ಹಣದ ದೊಡ್ಡ ಪಾಲನ್ನು ಕಳೆದುಕೊಂಡು, ಪಾಸ್‌ಪೋರ್ಟಿನಲ್ಲಿ ಅವಧಿ ಮೀರಿ ಉಳಿದುದರ ಗುರುತು ಹಾಕಿಸಿಕೊಂಡು ಮರಳಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಪೂರ್ತಿಯಾಗಿ ಅಲ್ಲಿಯೇ ನೆಲೆಸಿದವರಿಗೆ ಒಂದು ಬಗೆಯ ನಿಯಮ, ಹತ್ತು ದಿನಕ್ಕೆ ಹೋಗಿಬರುವ ಪ್ರವಾಸಿಗೆ ಇನ್ನೊಂದು ಬಗೆಯ ನಿಯಮ. ಅರ್ಧ ಅಲ್ಲಿ ಅರ್ಧ ಇಲ್ಲಿ ಇರುವವರನ್ನು ಮಾತ್ರ ಎರಡೂ ದೇಶಗಳ ನಿಯಮಗಳು ಏಕಕಾಲಕ್ಕೆ ಹಿಡಿಯುತ್ತವೆ; ಅವರು ಊರಿನಲ್ಲಿ ಇಲ್ಲದ ತಿಂಗಳುಗಳಲ್ಲಿಯೇ ಹೆಚ್ಚಿನ ನಷ್ಟ ಆಗುತ್ತದೆ.

ಭಾವ ಸಾರ್ವಜನಿಕ ವಲಯದ ಉದ್ಯಮವೊಂದರಲ್ಲಿ ದುಡಿದು ನಿವೃತ್ತರಾದವರು. ಅಕ್ಕ ಹೋದ ಮೇಲೆ ಮೈಸೂರಿನ ಮನೆಯಲ್ಲಿ ಒಬ್ಬರೇ ಇರುವುದು ಅವರಿಗೆ ಕಷ್ಟವಾಗಿತ್ತು. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ವಿನಾಯಿತಿ ನೀಡಿದಾಗ ಗೆಳೆಯರೊಡನೆ ಹೋದರು. ಹುವಾ ಹಿನ್ ಎಂಬ ಕಡಲ ತೀರದ ಊರು ಅವರಿಗೆ ಹಿಡಿಸಿತು. ಅಲ್ಲಿ ಬಾಡಿಗೆಗೆ ಒಂದು ಫ್ಲ್ಯಾಟ್ ಹಿಡಿದರು. ಬೆಳಗಿನ ನಡಿಗೆ, ಅಗ್ಗದ ಹಣ್ಣು ತರಕಾರಿ, ಸೌಮ್ಯ ಸ್ವಭಾವದ ಜನ, ಇವೆಲ್ಲ ಅವರು ಹೇಳಿದಂತೆಯೇ ಇದ್ದುವು. ಆ ದೇಶದ ಬಗ್ಗೆ ನನಗೆ ದೂರಿಲ್ಲ.

ಮೊದಲು ವೀಸಾ ವಿಷಯ. 50 ವರ್ಷ ತುಂಬಿದವರಿಗೆ ನಿವೃತ್ತಿಯ ಆಧಾರದ ಮೇಲೆ ಒಂದೊಂದು ವರ್ಷದ ವಾಸ ವಿಸ್ತರಣೆ ಸಿಗುತ್ತದೆ. ಅದಕ್ಕೆ ಥಾಯ್ ಬ್ಯಾಂಕಿನಲ್ಲಿ ಅರ್ಜಿದಾರನ ಹೆಸರಿನಲ್ಲಿಯೇ 8 ಲಕ್ಷ ಬಾತ್ ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು, ಇಲ್ಲವೇ ಎರಡೂ ಸೇರಿ ವರ್ಷಕ್ಕೆ 8 ಲಕ್ಷ ಆಗಬೇಕು. ಈಗಿನ ವಿನಿಮಯ ದರದಲ್ಲಿ 8 ಲಕ್ಷ ಬಾತ್ ಎಂದರೆ 20 ಲಕ್ಷ ರೂಪಾಯಿಗೂ ಹೆಚ್ಚು. ಹೆಚ್ಚಿನವರು ಇಷ್ಟನ್ನು ಓದಿ ನಿಲ್ಲಿಸುತ್ತಾರೆ. 2019ರಲ್ಲಿ ಬಂದ ನಿಯಮದ ಪ್ರಕಾರ ಆ ಹಣ ಅರ್ಜಿಗೆ ಎರಡು ತಿಂಗಳು ಮೊದಲೇ ಖಾತೆಯಲ್ಲಿರಬೇಕು, ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು ಹಾಗೆಯೇ ಉಳಿಯಬೇಕು, ಉಳಿದ ತಿಂಗಳುಗಳಲ್ಲಿಯೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ ನೀವು ಮೈಸೂರಿನಲ್ಲಿ ಕುಳಿತಿರುವಾಗಲೂ ಆ ಹಣ ಅಲ್ಲಿಯೇ ಇರಬೇಕು. ಅದನ್ನು ಖರ್ಚಿಗೆ ಬಳಸುವ ಹಣವೆಂದು ಲೆಕ್ಕ ಹಾಕಲೇಬಾರದು.

ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡ ಏಜೆಂಟರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅರ್ಜಿ ತುಂಬಿಕೊಡುವುದು, ಕಚೇರಿಗೆ ಜೊತೆಯಲ್ಲಿ ಬರುವುದು ಇತ್ಯಾದಿ ಪ್ರಾಮಾಣಿಕ ಸಹಾಯ ಮಾಡುವವರ ಮಾತು ಬೇರೆ. ಭಾವನಿಗೆ ಸಿಕ್ಕಿದವನು, ಹಣ ಇಡುವುದೇ ಬೇಡ, ತಾನೇ ಕೆಲವು ದಿನಗಳ ಮಟ್ಟಿಗೆ ಖಾತೆಗೆ ಹಣ ಹಾಕಿಸಿ ಬ್ಯಾಂಕಿನ ಪತ್ರ ಪಡೆದು ಎಲ್ಲವನ್ನೂ ಮುಗಿಸಿಕೊಡುತ್ತೇನೆ ಎಂದು ಹೇಳಿ, ಶುಲ್ಕವನ್ನೂ ಪಾಸ್‌ಪೋರ್ಟನ್ನೂ ತೆಗೆದುಕೊಂಡು ಹೋದ. ಸರ್ಕಾರಕ್ಕೆ ಕಟ್ಟಬೇಕಾದ ವಿಸ್ತರಣೆಯ ಶುಲ್ಕ 1,900 ಬಾತ್ ಮಾತ್ರ. ಅವನು ಪಡೆದದ್ದು ಅದರ ಹತ್ತಾರು ಪಟ್ಟು. ಹೀಗೆ ಎರವಲು ಹಣದ ಲೆಕ್ಕ ತೋರಿಸಿ ಪಡೆದ ಅನುಮತಿ ಸುಳ್ಳು ದಾಖಲೆಯ ಮೇಲೆ ನಿಂತಿರುತ್ತದೆ. ತನಿಖೆಯಾದರೆ ಉತ್ತರ ಕೊಡಬೇಕಾದವನು ಪಾಸ್‌ಪೋರ್ಟಿನ ಒಡೆಯನೇ ಹೊರತು ಏಜೆಂಟ್ ಅಲ್ಲ.

ಭಾವನ ಪಾಸ್‌ಪೋರ್ಟ್ ಮುದ್ರೆಯೊಂದಿಗೆ ಮರಳಿ ಬಂತು, 2025ರ ಸೆಪ್ಟೆಂಬರ್‌ವರೆಗೆ ವಾಸಕ್ಕೆ ಅನುಮತಿ ಎಂದಿತ್ತು. ಅಡ್ಡಿಯಾದದ್ದು ಅವರು ನಡುವೆ ಊರಿಗೆ ಬಂದು ಹೋದದ್ದರಿಂದ. ವಿಸ್ತರಣೆ ಪಡೆದವರು ದೇಶ ಬಿಡುವ ಮೊದಲು ರೀ-ಎಂಟ್ರಿ ಪರ್ಮಿಟ್ ಮಾಡಿಸಿಕೊಳ್ಳಬೇಕು. ಒಂದು ಬಾರಿಗೆ 1,000 ಬಾತ್, ಹಲವು ಬಾರಿಗೆ 3,800 ಬಾತ್. ಅದಿಲ್ಲದೆ ವಿಮಾನ ಹತ್ತಿದರೆ ಉಳಿದ ತಿಂಗಳುಗಳ ಅನುಮತಿ ಆ ಗಳಿಗೆಗೇ ರದ್ದಾಗುತ್ತದೆ. ಏಜೆಂಟ್ ಈ ಮಾತು ಹೇಳಿರಲಿಲ್ಲ. ಜನವರಿಯಲ್ಲಿ ಭಾವ ಮರಳಿ ಹೋದಾಗ ವಿಮಾನ ನಿಲ್ದಾಣದ ಅಧಿಕಾರಿ ಅವರನ್ನು ಸಾಮಾನ್ಯ ಪ್ರವಾಸಿಯೆಂದು ಪರಿಗಣಿಸಿ, 2024ರ ಜುಲೈನಲ್ಲಿ ಜಾರಿಗೆ ಬಂದ ವಿನಾಯಿತಿಯಂತೆ 60 ದಿನ ಕೊಟ್ಟು ಮುದ್ರೆ ಒತ್ತಿದ್ದಾರೆ.

ಏಪ್ರಿಲ್ ರಜೆಯಲ್ಲಿ ನಾನು ಮತ್ತು ನನ್ನ ಪತ್ನಿ ಅವರನ್ನು ನೋಡಲು ಹೋಗಿದ್ದೆವು. ಒಂದೇ ಸಮನೆ 90 ದಿನ ಅಲ್ಲಿದ್ದವರು ತಮ್ಮ ವಿಳಾಸವನ್ನು ಇಮಿಗ್ರೇಷನ್ ಕಚೇರಿಗೆ ವರದಿ ಮಾಡಬೇಕು; ಅದಕ್ಕೆಂದು ಅವರು ಪಾಸ್‌ಪೋರ್ಟನ್ನು ಊಟದ ಮೇಜಿನ ಮೇಲೆ ತೆಗೆದಿಟ್ಟಿದ್ದರು. ಸುಮ್ಮನೆ ಪುಟ ತಿರುವುತ್ತಿದ್ದವನಿಗೆ ಆಗಮನದ ಮುದ್ರೆ ಕಂಡಿತು. ಶಾಯಿ ಮಸುಕಾಗಿತ್ತು, ಆದರೆ ಅವಧಿ ಮುಗಿಯುವ ತಿಂಗಳು ಮಾರ್ಚ್ ಎಂಬುದು ಓದಲು ಬರುತ್ತಿತ್ತು.

“ಭಾವ, ಇದು ಯಾವ ದಿನಾಂಕ?” ಎಂದು ಕೇಳಿದೆ.

“ಅದು ಏರ್‌ಪೋರ್ಟಿನವರು ಹಾಕೋದು ಕಣಯ್ಯ. ನಮ್ಮ ವೀಸಾ ಹಿಂದಿನ ಪುಟದಲ್ಲಿದೆ ನೋಡು, ಸೆಪ್ಟೆಂಬರ್ ತನಕ ಇದೆ” ಎಂದರು.

ಏಜೆಂಟನಿಗೆ ಫೋನ್ ಮಾಡಿದರೆ, ರೀ-ಎಂಟ್ರಿ ಬೇರೆ ಕೆಲಸ, ನೀವು ಕೇಳಿರಲಿಲ್ಲ ಎಂಬ ಉತ್ತರ ಬಂತು. ಆ ಹೊತ್ತಿಗೆ ಭಾವ ಒಂದು ತಿಂಗಳಿನಷ್ಟು ಕಾಲ ಅಕ್ರಮವಾಗಿ ಉಳಿದಂತಾಗಿತ್ತು. ದಂಡ ದಿನಕ್ಕೆ 500 ಬಾತ್, ಗರಿಷ್ಠ 20,000. ಹಣಕ್ಕಿಂತ ಹೆಚ್ಚಿನ ಭಯ ಬೇರೆಯದಿದೆ. ತಾವಾಗಿಯೇ ವಿಮಾನ ನಿಲ್ದಾಣಕ್ಕೆ ಹೋಗಿ ದಂಡ ಕಟ್ಟಿ ಹೊರಟರೆ, ಅವಧಿ ಮೀರಿದ್ದು 90 ದಿನದೊಳಗಿದ್ದಾಗ ಮರುಪ್ರವೇಶಕ್ಕೆ ನಿಷೇಧವಿಲ್ಲ. 90 ದಿನ ದಾಟಿದರೆ ಒಂದು ವರ್ಷದ ನಿಷೇಧ. ಅದೇ, ಹೊರಡುವ ಮೊದಲು ರಸ್ತೆಯ ತಪಾಸಣೆಯಲ್ಲೋ ಹೋಟೆಲಿನಲ್ಲೋ ಸಿಕ್ಕಿಬಿದ್ದರೆ, ಮೀರಿದ್ದು ಕೆಲವೇ ದಿನವಾದರೂ ಐದು ವರ್ಷ ನಿಷೇಧ, ಗಡೀಪಾರಾಗುವವರೆಗೆ ಬಂಧನ ಕೇಂದ್ರ. ನಾವು ಟಿಕೆಟ್ ಕೊಂಡು ಅವರನ್ನು ನೇರವಾಗಿ ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣಕ್ಕೆ ಕರೆದೊಯ್ದೆವು. ಅಲ್ಲಿ ದಂಡ ಕಟ್ಟಿಸಿಕೊಂಡ ಅಧಿಕಾರಿ ಸಭ್ಯವಾಗಿಯೇ ನಡೆದುಕೊಂಡರು, ಆದರೆ ಪಾಸ್‌ಪೋರ್ಟಿನಲ್ಲಿ ಬಿದ್ದ ಗುರುತನ್ನು ಮುಂದೆ ಯಾವ ದೇಶದ ವೀಸಾ ಅಧಿಕಾರಿ ನೋಡಿದರೂ ಪ್ರಶ್ನೆ ಬರುವುದು ಖಂಡಿತ.

ಇನ್ನು ಸಂಬಂಧದ ವಿಚಾರ. ಇದನ್ನು ಬರೆಯಲು ನನಗೆ ಸಂಕೋಚವಿದೆ, ಆದರೂ ಹಣ ಹೋದದ್ದು ಇಲ್ಲಿಯೇ ಆದ್ದರಿಂದ ಬಿಡುವಂತಿಲ್ಲ. ಹುವಾ ಹಿನ್‌ನಲ್ಲಿ ಭಾವನಿಗೆ ನಡುವಯಸ್ಸಿನ ಒಬ್ಬ ಮಹಿಳೆಯ ಪರಿಚಯವಾಯಿತು. ಈಶಾನ್ಯ ಭಾಗದ ಉದೋನ್ ಥಾನಿ ಕಡೆಯ ಹಳ್ಳಿಯವರು, ವಿಚ್ಛೇದಿತೆ, ಬೆಳೆದ ಮಗನಿದ್ದ. ಆಕೆ ಮೋಸಗಾರ್ತಿ ಎಂದು ನಾನು ಹೇಳುವುದಿಲ್ಲ. ಭಾವನಿಗೆ ಜ್ವರ ಬಂದು ಮಲಗಿದ್ದಾಗ ನೋಡಿಕೊಂಡವರು ಆಕೆಯೇ. ಹಳ್ಳಿಯಲ್ಲಿ ಹಿರಿಯರ ಮುಂದೆ ದಾರ ಕಟ್ಟಿ ಮದುವೆಯ ಶಾಸ್ತ್ರ ಮಾಡಿದರು. ನಮ್ಮಲ್ಲಿ ಹಿಂದೆ ತೆರ ಕೊಡುತ್ತಿದ್ದಂತೆ ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ತಂದೆತಾಯಿಗೆ ಕೊಡುವ ಸಿನ್ ಸೋತ್ ಹಣವನ್ನೂ ಕೊಟ್ಟರು. ಆದರೆ ಜಿಲ್ಲಾ ಕಚೇರಿಯಾದ ಅಂಫೋದಲ್ಲಿ ನೋಂದಣಿ ಆಗದ ಮದುವೆಗೆ ಕಾನೂನಿನ ಬಲವಿಲ್ಲ. ನೋಂದಣಿಯಾಗಿದ್ದರೆ ಮದುವೆಯ ಅವಧಿಯಲ್ಲಿ ಗಳಿಸಿದ ಆಸ್ತಿಯಲ್ಲಿ ಇಬ್ಬರಿಗೂ ಸಮಪಾಲು ಎಂಬ ತತ್ವವಾದರೂ ಇರುತ್ತಿತ್ತು.

ಹಳ್ಳಿಯ ಜಮೀನಿನಲ್ಲಿ ಮನೆ ಕಟ್ಟುವ ಮಾತು ಬಂತು. ಥಾಯ್ಲೆಂಡಿನಲ್ಲಿ ವಿದೇಶಿಯರು ಸಾಮಾನ್ಯವಾಗಿ ಭೂಮಿ ಹೊಂದುವಂತಿಲ್ಲ. ಕಾನೂನುಬದ್ಧವಾಗಿ ಮದುವೆಯಾದ ಥಾಯ್ ಪತ್ನಿ ಭೂಮಿ ಕೊಳ್ಳುವಾಗಲೂ, ಇದು ಸಂಪೂರ್ಣ ಆಕೆಯ ಸ್ವಂತ ಹಣ ಎಂದು ವಿದೇಶಿ ಪತಿ ಭೂ ಕಚೇರಿಯಲ್ಲಿ ಸಹಿ ಹಾಕಿಕೊಡಬೇಕಾಗುತ್ತದೆ. ಕಂಪನಿ ಹುಟ್ಟುಹಾಕಿ ಥಾಯ್ ಪಾಲುದಾರರ ಹೆಸರಿನಲ್ಲಿ ಭೂಮಿ ಇಡುವ ಉಪಾಯವನ್ನು ಹೇಳಿಕೊಡುವವರಿದ್ದಾರೆ. ಅದು ಬೇನಾಮಿ, ಅಪರಾಧ. ಸರಿಯಾದ ದಾರಿಗಳು ಇಲ್ಲದಿಲ್ಲ: ಗರಿಷ್ಠ 30 ವರ್ಷದ ಗುತ್ತಿಗೆ, ಜೀವಿತಾವಧಿಯ ಅನುಭೋಗದ ಹಕ್ಕು, ಅಥವಾ ಇನ್ನೊಬ್ಬರ ನೆಲದ ಮೇಲೆ ಕಟ್ಟಡ ಹೊಂದುವ ಹಕ್ಕನ್ನು ಭೂ ಕಚೇರಿಯಲ್ಲಿ ಹಕ್ಕುಪತ್ರದ ಮೇಲೆಯೇ ನಮೂದಿಸಬಹುದು. ಮೂರು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗದಿದ್ದರೆ ಮೂರು ವರ್ಷದ ಆಚೆಗೆ ನಿಲ್ಲುವುದಿಲ್ಲ. ತಮ್ಮ ಹೆಸರಿನಲ್ಲಿಯೇ ಬೇಕೆನ್ನುವವರು ಕಾಂಡೋಮಿನಿಯಂ, ಅಂದರೆ ವಸತಿ ಸಮುಚ್ಚಯದ ಫ್ಲ್ಯಾಟ್, ಕೊಳ್ಳಬಹುದು. ಒಂದು ಕಟ್ಟಡದ ಒಟ್ಟು ವಾಸದ ವಿಸ್ತೀರ್ಣದಲ್ಲಿ ಶೇ. 49ರವರೆಗೆ ವಿದೇಶಿಯರಿಗೆ ಅವಕಾಶ, ಹಣ ವಿದೇಶಿ ಕರೆನ್ಸಿಯಲ್ಲಿ ಹೊರಗಿನಿಂದಲೇ ಬಂದಿದೆ ಎಂಬ ಬ್ಯಾಂಕಿನ ದಾಖಲೆ ಬೇಕು.

ಭಾವನ ವಿಷಯದಲ್ಲಿ ಇದಾವುದೂ ಆಗಲಿಲ್ಲ. ಅವರು ಮಳೆಗಾಲಕ್ಕೆ ಊರಿಗೆ ಬಂದಾಗಲೆಲ್ಲ ಮನೆಯ ಕೆಲಸಕ್ಕೆಂದು ಇಲ್ಲಿಂದ ಹಣ ಹೋಗುತ್ತಿತ್ತು: ಮೊದಲು ಸಿಮೆಂಟು ಕಬ್ಬಿಣಕ್ಕೆ, ಆಮೇಲೆ ಬೋರ್‌ವೆಲ್‌ಗೆ, ಆಮೇಲೆ ಆಕೆಯ ತಾಯಿಯ ಆಸ್ಪತ್ರೆಗೆ, ತಮ್ಮನ ಪಿಕಪ್ ಗಾಡಿಯ ಕಂತಿಗೆ. ತಂದೆತಾಯಿಯನ್ನು ಸಾಕುವುದು ಮಗಳ ಕರ್ತವ್ಯವೆಂದು ಆ ಹಳ್ಳಿಗಳಲ್ಲಿ ಬಲವಾಗಿ ನಂಬುತ್ತಾರೆ, ಅದರಲ್ಲಿ ತಪ್ಪು ಹುಡುಕುವ ಹಕ್ಕು ನಮಗಿಲ್ಲ. ಆದರೆ ಅರ್ಧ ವರ್ಷ ಕಣ್ಣೆದುರು ಇಲ್ಲದವನು ಕಳುಹಿಸುವ ಹಣ ಎಲ್ಲಿ ಹೋಯಿತೆಂಬುದಕ್ಕೆ ಲೆಕ್ಕ ಇರುವುದಿಲ್ಲ. 13 ಲಕ್ಷ ಬಾತ್‌ಗೂ ಮೇಲೆ ಹೀಗೆ ಹೋಯಿತು, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಅವಧಿ ಮೀರಿದ ಪ್ರಕರಣದ ನಂತರ ಭಾವ ತಿಂಗಳುಗಟ್ಟಲೆ ಇಲ್ಲೇ ಉಳಿದರು. ಕರೆಗಳು ಕಡಿಮೆಯಾದವು, ಸಂಬಂಧ ಮುರಿಯಿತು. ಉದೋನ್ ಥಾನಿಯಲ್ಲಿ ಒಬ್ಬ ವಕೀಲರನ್ನು ವಿಚಾರಿಸಿದೆವು. ನೆಲ ಆಕೆಯದು, ಮದುವೆ ನೋಂದಣಿಯಿಲ್ಲ, ಹಣ ಸಾಲವೆಂದು ಎಲ್ಲಿಯೂ ಬರೆದಿಲ್ಲ, ಆದ್ದರಿಂದ ಕೊಟ್ಟದ್ದೆಲ್ಲ ಉಡುಗೊರೆಯೆಂದೇ ನ್ಯಾಯಾಲಯ ನೋಡುವ ಸಾಧ್ಯತೆ ಹೆಚ್ಚು ಎಂದರು. ಕೊಡುವವರು ಕೊಡಲಿ, ಆದರೆ ಮರಳಿ ಬಾರದಿದ್ದರೂ ಜೀವನ ನಡೆಯುವಷ್ಟನ್ನು ಮಾತ್ರ ಕೊಡಲಿ ಎಂಬುದು ನನ್ನ ಕಳಕಳಿ.

ತೆರಿಗೆಯ ಬಗ್ಗೆ ನಮ್ಮವರಲ್ಲಿ ತಪ್ಪು ತಿಳಿವಳಿಕೆ ಬಹಳ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಥವಾ ಹೆಚ್ಚು ಥಾಯ್ಲೆಂಡಿನಲ್ಲಿದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ. 2024ರ ಜನವರಿ 1ರ ನಂತರ ಗಳಿಸಿದ ವಿದೇಶಿ ಆದಾಯವನ್ನು ಆ ದೇಶಕ್ಕೆ ತಂದಾಗ ಅದು ತೆರಿಗೆಯ ವ್ಯಾಪ್ತಿಗೆ ಬರುತ್ತದೆ. 2024ಕ್ಕೆ ಮೊದಲಿನ ಉಳಿತಾಯಕ್ಕೆ ಇದು ಅನ್ವಯಿಸುವುದಿಲ್ಲ, ಆದರೆ ಅದು ಹಳೆಯ ಹಣ ಎಂದು ತೋರಿಸಲು ಬ್ಯಾಂಕ್ ದಾಖಲೆಗಳನ್ನು ಇಟ್ಟುಕೊಂಡಿರಬೇಕು. ಇತ್ತ, ಆರು ತಿಂಗಳು ಹೊರಗಿದ್ದರೆ ತಾನು ಅನಿವಾಸಿ ಭಾರತೀಯ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿರದಿದ್ದರೂ, 60 ದಿನವಿದ್ದು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದವರು ಸಾಮಾನ್ಯವಾಗಿ ಇಲ್ಲಿಯ ನಿವಾಸಿಗಳೇ. ಹೀಗೆ ಒಬ್ಬರೇ ಎರಡೂ ಕಡೆ ನಿವಾಸಿಯಾಗಬಹುದು. ಎರಡು ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವಿದ್ದರೂ ಅದರ ಲಾಭ ತಾನಾಗಿ ಬರುವುದಿಲ್ಲ. ಥಾಯ್ ಬ್ಯಾಂಕಿನಲ್ಲಿಟ್ಟ 8 ಲಕ್ಷ ಬಾತನ್ನು ಇಲ್ಲಿಯ ತೆರಿಗೆ ವಿವರಪತ್ರದಲ್ಲಿ ವಿದೇಶಿ ಆಸ್ತಿಯೆಂದು ತೋರಿಸಲೇಬೇಕು, ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಹಣ ಕಳುಹಿಸುವಾಗ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ. 20ರಷ್ಟು ಟಿಸಿಎಸ್ (ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಅದು ವಿವರಪತ್ರ ಸಲ್ಲಿಸಿದ ಮೇಲೆ ಹೊಂದಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿರುವುದಿಲ್ಲ.

ಆರೋಗ್ಯ ವಿಮೆಯನ್ನೂ ನೋಡಿಕೊಳ್ಳಿ. ಇಲ್ಲಿ ಮಾಡಿಸಿದ ಹಿರಿಯ ನಾಗರಿಕರ ಪಾಲಿಸಿಗಳು ಸಾಮಾನ್ಯವಾಗಿ ಭಾರತದ ಆಸ್ಪತ್ರೆಗಳಿಗೆ ಮಾತ್ರ ಸೀಮಿತ. ದ್ವಿಚಕ್ರ ವಾಹನ ಓಡಿಸಲು ತಕ್ಕ ಪರವಾನಗಿ ಇಲ್ಲದೆ ಬಾಡಿಗೆ ಸ್ಕೂಟರ್‌ನಲ್ಲಿ ಬಿದ್ದರೆ ಪ್ರವಾಸ ವಿಮೆಯೂ ಕೈಬಿಡಬಹುದು. ಖಾತೆದಾರ ತೀರಿಕೊಂಡರೆ ಥಾಯ್ ಬ್ಯಾಂಕಿನ ಹಣ ಬಿಡಿಸಿಕೊಳ್ಳಲು ಅಲ್ಲಿಯ ನ್ಯಾಯಾಲಯ ನೇಮಿಸಿದ ವಾರಸಾ ಆಡಳಿತಗಾರರ ಆದೇಶ ಬೇಕು. ಅಲ್ಲಿ ಹಣ ಇಡುವವರು ಅದಕ್ಕೆ ಮಾತ್ರ ಸಂಬಂಧಿಸಿದ ಒಂದು ಉಯಿಲನ್ನು ಅಲ್ಲಿಯೇ ಬರೆಸಿಟ್ಟು, ಪ್ರತಿಯನ್ನು ಮಕ್ಕಳಿಗೆ ಕೊಡುವುದು ಒಳಿತು.

ಭಾವನಿಗೆ ಆ ಕಡಲ ತೀರದ ಮೇಲಿನ ಪ್ರೀತಿ ಹೋಗಿಲ್ಲ, ಮತ್ತೆ ಹೋಗಬೇಡಿ ಎಂದು ನಾವೂ ಹೇಳಿಲ್ಲ. ಮುಂದಿನ ಚಳಿಗಾಲದಲ್ಲಿ, ಆಗ ಪ್ರವಾಸಿಗೆ ಎಷ್ಟು ದಿನ ಕೊಡುತ್ತಾರೋ ಅದಕ್ಕಿಂತ ಒಂದು ವಾರ ಕಡಿಮೆಗೆ ಮರಳುವ ಟಿಕೆಟ್ ಮಾಡಿಸಿ ಹೋಗುವುದೆಂದು ನಿಶ್ಚಯವಾಗಿದೆ. ವಿನಾಯಿತಿಯ ದಿನಗಳು ಸರ್ಕಾರದ ಒಂದು ಆದೇಶದಿಂದ ಬದಲಾಗುತ್ತವೆ, ಹಾಗಾಗಿ ಟಿಕೆಟ್ ಕೊಳ್ಳುವ ದಿನ ಥಾಯ್ ರಾಯಭಾರ ಕಚೇರಿಯ ಪ್ರಕಟಣೆ ನೋಡಿಕೊಳ್ಳುತ್ತೇವೆ. 2025ರ ಮೇ ತಿಂಗಳಿಂದ ಕಡ್ಡಾಯವಾದ ಡಿಜಿಟಲ್ ಆಗಮನ ಪತ್ರವನ್ನು ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದು ಉಚಿತ, ಅದಕ್ಕೆ ಹಣ ಕೇಳುವ ಜಾಲತಾಣಗಳು ಸರ್ಕಾರದವಲ್ಲ. ಬಾಡಿಗೆ ಕೋಣೆ ತಿಂಗಳ ಲೆಕ್ಕದ್ದು, ಥಾಯ್ ಬ್ಯಾಂಕಿನಲ್ಲಿ ಹಣವಿಲ್ಲ, ಪಾಸ್‌ಪೋರ್ಟ್ ಯಾವ ಏಜೆಂಟನ ಕೈಗೂ ಹೋಗುವುದಿಲ್ಲ, ಮತ್ತು ಆಗಮನದ ಮುದ್ರೆ ಬಿದ್ದ ಕೂಡಲೇ ಆ ಪುಟದ ಫೋಟೊ ನನ್ನ ಫೋನಿಗೆ ಬರಬೇಕೆಂಬ ಕರಾರಿಗೆ ಅವರು ಒಪ್ಪಿದ್ದಾರೆ.