ಲಾಕ್-ಇನ್ ಮುಗಿಯುವ ಮುಂಚೆ ಮನೆ ಬಿಟ್ಟೆ: 123 ದಿನದ ಬಿಲ್ಲು 34ಕ್ಕೆ ಇಳಿದ ಕಥೆ

ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಒಂದೂವರೆ ಸ್ಟಾರ್ ಒಬ್ಬನೇ ಹುಡುಗನಿಗೆ. ಅವನ ವಿಷಯ ಆಮೇಲೆ ಹೇಳುತ್ತೇನೆ.

ಇದು ಮಾಲೀಕರ ಪರವಾಗಿ ಮನೆ ಬಾಡಿಗೆಗೆ ಕೊಡುವ ಒಂದು ಕಂಪನಿಯ ಸೇವೆಯ ಬಗ್ಗೆ. ಬಾಡಿಗೆ ವಸೂಲಿ, ರಿಪೇರಿ, ಕೀ ಕೊಡುವುದು, ಕೀ ತೆಗೆದುಕೊಳ್ಳುವುದು ಎಲ್ಲ ಅವರದೇ. ಹೆಸರು ಬರೆಯುವುದಿಲ್ಲ. ಇರುವಷ್ಟು ದಿನ ನನಗೆ ದೂರೇನೂ ಇರಲಿಲ್ಲ. ನಲ್ಲಿ ಸೋರಿದರೆ ಎರಡೇ ದಿನದಲ್ಲಿ ಪ್ಲಂಬರ್ ಬರುತ್ತಿದ್ದ. ಬಿಡುತ್ತೇನೆ ಅಂದ ದಿನದಿಂದ ಎಲ್ಲ ಬದಲಾಯಿತು.

ದುಡ್ಡಿನ ಲೆಕ್ಕವನ್ನು ನಾನು ದಿನದ ಬಾಡಿಗೆಯಲ್ಲೇ ಹೇಳುತ್ತೇನೆ. ತಿಂಗಳಿಗೆ 30 ದಿನ ಅಂತ ಇಟ್ಟುಕೊಳ್ಳಿ. ನಿಮ್ಮ ಬಾಡಿಗೆ ಎಷ್ಟೇ ಇರಲಿ, ಗುಣಿಸಿ ನೋಡಿದರೆ ನಿಮಗೂ ಎದೆ ಧಸಕ್ ಅನ್ನುತ್ತದೆ.

ಅಗ್ರಿಮೆಂಟ್ 12 ತಿಂಗಳದ್ದು. ಮೊದಲ 8 ತಿಂಗಳು ಲಾಕ್-ಇನ್, ಅಂದರೆ ಅಷ್ಟರೊಳಗೆ ಬಿಡುವ ಹಾಗಿಲ್ಲ, ಬಿಟ್ಟರೂ ಬಾಡಿಗೆ ಕಟ್ಟಬೇಕು. ಲಾಕ್-ಇನ್ ಆದಮೇಲೆ ಒಂದು ತಿಂಗಳ ನೋಟಿಸ್. ಡೆಪಾಸಿಟ್ 90 ದಿನದ ಬಾಡಿಗೆ. ಆರನೇ ತಿಂಗಳ ಮೊದಲ ವಾರ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಮ್ಮನೊಬ್ಬಳಿಗೆ ಅವರನ್ನು ಎತ್ತಿ ಕೂರಿಸಲು ಆಗುವುದಿಲ್ಲ. ನಾನು ಹೋಗಲೇಬೇಕಿತ್ತು. ಯೋಚನೆ ಮಾಡುವಂಥದ್ದೇನೂ ಇರಲಿಲ್ಲ.

9ನೇ ತಾರೀಕು ಫೋನ್ ಮಾಡಿದೆ. ಆ ಕಡೆಯ ಹುಡುಗಿ ತುಂಬಾ ಮೃದುವಾಗಿ ಮಾತಾಡಿದಳು. ಅಪ್ಪನ ಆರೋಗ್ಯ ವಿಚಾರಿಸಿದಳು. "ನೋಟ್ ಮಾಡಿಕೊಂಡಿದ್ದೇನೆ ಮೇಡಂ, ನೀವು ಚಿಂತೆ ಮಾಡಬೇಡಿ" ಅಂದಳು. ನಾನು ನಿಜವಾಗಿಯೂ ಚಿಂತೆ ಮಾಡಲಿಲ್ಲ, ಅದೇ ತಪ್ಪಾಯಿತು. ಬಾಯಿಮಾತಲ್ಲಿ ಹೇಳಿದ್ದು ನೋಟಿಸ್ ಅಲ್ಲವಂತೆ. 17ಕ್ಕೆ ಮತ್ತೆ ಫೋನ್ ಮಾಡಿದಾಗ ಬೇರೆ ಯಾರೋ ಎತ್ತಿ, "ನಿಮ್ಮಿಂದ ಲಿಖಿತವಾಗಿ ಏನೂ ಬಂದಿಲ್ಲವಲ್ಲ ಮೇಡಂ" ಅಂದರು. ಅವತ್ತೇ ಮೇಲ್ ಹಾಕಿದೆ. ನಡುವಿನ ಎಂಟು ದಿನ ಅವರು ಮನೆ ಖಾಲಿ ಆಗುತ್ತಿದೆ ಅಂತ ಜಾಹೀರಾತೂ ಹಾಕಿರಲಿಲ್ಲ. ಆ ಎಂಟು ದಿನ ಎಷ್ಟು ದುಬಾರಿ ಅಂತ ಆಮೇಲೆ ಗೊತ್ತಾಯಿತು.

ಮಾರನೇ ದಿನ ಆ್ಯಪ್‌ನಲ್ಲಿ ಒಂದು ಬಿಲ್ಲು ಬಂದು ಕೂತಿತ್ತು. ಏಳು ಮತ್ತು ಎಂಟನೇ ತಿಂಗಳ ಲಾಕ್-ಇನ್ ಬಾಡಿಗೆ, 60 ದಿನ. ನೋಟಿಸ್ ಅವಧಿಯ ಬಾಡಿಗೆ, 30 ದಿನ. ಮರುಬಾಡಿಗೆ ಶುಲ್ಕ, ಅಂದರೆ ನನ್ನ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವ ಖರ್ಚು, 15 ದಿನ. ಪೇಂಟಿಂಗ್ 15 ದಿನ. ಕ್ಲೀನಿಂಗ್ 3 ದಿನ. ಒಟ್ಟು 123 ದಿನದ ಬಾಡಿಗೆ. ಡೆಪಾಸಿಟ್ ಪೂರ್ತಿ ನುಂಗಿದ ಮೇಲೂ ನಾನೇ ಇನ್ನೂ 33 ದಿನದ್ದು ಕಟ್ಟಬೇಕಂತೆ. ಕೆಳಗೆ ಹಸಿರು ಬಣ್ಣದ ಬಟನ್: "ಒಪ್ಪಿಗೆ ಇದೆ". ಒಪ್ಪಿಗೆ ಇಲ್ಲ ಅನ್ನುವ ಬಟನ್ ಎಲ್ಲೂ ಇರಲಿಲ್ಲ.

ನಮ್ಮಕ್ಕ ಲೆಕ್ಕಪತ್ರದ ಕೆಲಸದವಳು. ಬಿಲ್ಲನ್ನೂ ಅಗ್ರಿಮೆಂಟನ್ನೂ ಕಳಿಸಿದೆ. ರಾತ್ರಿ ಫೋನ್ ಮಾಡಿದಳು. "ನೀನು ಇದನ್ನ ಓದಿ ಸಹಿ ಹಾಕಿದ್ದೀಯೇನೇ?" ಓದಿರಲಿಲ್ಲ. ಬಾಡಿಗೆ ಎಷ್ಟು, ಡೆಪಾಸಿಟ್ ಎಷ್ಟು ಅಂತ ನೋಡಿ ಉಳಿದ ಹದಿನಾಲ್ಕು ಪುಟ ಮಗುಚಿ ಸಹಿ ಹಾಕಿದ್ದೆ. ಲಾಕ್-ಇನ್ ಅಂದರೆ ಇಬ್ಬರಿಗೂ ಅನ್ವಯ ಅಂತ ನಂಬಿದ್ದೆ. ನಮ್ಮದರಲ್ಲಿ ಅದು ನನಗೆ ಮಾತ್ರ. ಅವರು ಬೇಕಿದ್ದರೆ ಒಂದು ತಿಂಗಳ ನೋಟಿಸ್ ಕೊಟ್ಟು ನನ್ನನ್ನು ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ನೀವು ಯಾವುದೇ ಅಗ್ರಿಮೆಂಟ್ ಓದುವಾಗ ಆ ಒಂದು ಸಾಲು ಹುಡುಕಿ.

ಅಕ್ಕ ಬಿಲ್ಲಿನ ಒಂದೊಂದೇ ಸಾಲು ಹಿಡಿದು ಕೂತಳು. ಮೊದಲು ನೋಟಿಸ್. ಲಾಕ್-ಇನ್ ಮುಗಿದ ಮೇಲೆಯೇ ನೋಟಿಸ್ ಶುರು ಅನ್ನುವುದು ಕಂಪನಿಯ ಲೆಕ್ಕ. ಹಾಗಾದರೆ ಎಂಟು ತಿಂಗಳ ಲಾಕ್-ಇನ್ ನಿಜದಲ್ಲಿ ಒಂಬತ್ತು ತಿಂಗಳು ಆಯಿತು. ಆದರೆ ಅಗ್ರಿಮೆಂಟ್‌ನಲ್ಲಿ ಬರೆದಿದ್ದು ಲಾಕ್-ಇನ್ ಮುಗಿಯುವ ಮುಂಚೆ ಮನೆ ಬಿಡಬಾರದು ಅಂತ. ಮುಂಚೆ ನೋಟಿಸ್ ಕೊಡಬಾರದು ಅಂತ ಎಲ್ಲೂ ಇಲ್ಲ. ಲಾಕ್-ಇನ್‌ನ ಕೊನೆಯ ತಿಂಗಳಲ್ಲೇ ನೋಟಿಸ್ ತಿಂಗಳೂ ಓಡಬಹುದು. ಬಿಡು ಮತ್ತು ನೋಟಿಸ್ ಕೊಡು ಅನ್ನುವ ಎರಡು ಮಾತಿನ ಮಧ್ಯೆ 30 ದಿನದ ಬಾಡಿಗೆ ಅಡಗಿ ಕೂತಿತ್ತು.

ಎರಡನೆಯದು ಇನ್ನೂ ದೊಡ್ಡದು. ಮರುಬಾಡಿಗೆ ಶುಲ್ಕವೂ ಬೇಕು, ಲಾಕ್-ಇನ್ ಬಾಡಿಗೆಯೂ ಪೂರ್ತಿ ಬೇಕು ಅಂದರೆ ಏನರ್ಥ? ಹೊಸಬರು ಬಂದ ದಿನದಿಂದ ಅವರೂ ಬಾಡಿಗೆ ಕಟ್ಟುತ್ತಾರೆ, ನಾನೂ ಕಟ್ಟುತ್ತೇನೆ. ಒಂದೇ ಮನೆಗೆ ಒಂದೇ ತಿಂಗಳು ಎರಡು ಬಾಡಿಗೆ. ಮನೆ ಖಾಲಿ ಬಿದ್ದರೆ ಆಗುವ ನಷ್ಟಕ್ಕೆ ಲಾಕ್-ಇನ್ ಅಲ್ವಾ? ಖಾಲಿಯೇ ಇಲ್ಲದಿದ್ದರೆ ನಷ್ಟ ಎಲ್ಲಿಂದ ಬಂತು? ಹಲವು ದೇಶಗಳ ಕಾನೂನು ಇದನ್ನೇ ಹೇಳುತ್ತದೆ: ಮಾಲೀಕರು ಕೈಕಟ್ಟಿ ಕೂತು ಹಳೇ ಬಾಡಿಗೆದಾರರ ಹತ್ತಿರ ಎಲ್ಲ ವಸೂಲಿ ಮಾಡುವಂತಿಲ್ಲ, ಬೇರೆಯವರನ್ನು ಹುಡುಕುವ ಪ್ರಯತ್ನ ಮಾಡಬೇಕು. ಎಲ್ಲ ಕಡೆ ಒಂದೇ ಥರ ಇಲ್ಲ, ಹಾಗಾಗಿ ನಿಮ್ಮಲ್ಲಿ ಹೇಗೆ ಅಂತ ಕೇಳಿಕೊಳ್ಳುವುದು ಒಳ್ಳೆಯದು. ಕಾನೂನು ಬಿಡಿ, ಸುಮ್ನೆ ನ್ಯಾಯವಾಗಿ ಯೋಚಿಸಿದರೂ ಅಷ್ಟೇ.

ಅಕ್ಕ ಹೇಳಿಕೊಟ್ಟಂತೆ ಒಂದು ಮೇಲ್ ಬರೆದೆ. ಕೋಪ ಇಲ್ಲ, ಗೋಳು ಇಲ್ಲ. ಅಪ್ಪನ ವಿಷಯ ಒಂದೇ ಸಾಲು. ಕಾರಣ ಎಷ್ಟು ದೊಡ್ಡದಾದರೂ ಅಗ್ರಿಮೆಂಟ್‌ನಲ್ಲಿ ಅದಕ್ಕೆ ವಿನಾಯಿತಿ ಬರೆದಿಲ್ಲದಿದ್ದರೆ ದುಡ್ಡು ಕಡಿಮೆ ಆಗುವುದಿಲ್ಲ, ಇದು ಆ ಹೊತ್ತಿಗೆ ಅರ್ಥವಾಗಿತ್ತು. ಕೇಳಿದ್ದು ಒಂದೇ ಪ್ರಶ್ನೆ: ಇಂಥ ದಿನ ಕೀ ಕೊಡುತ್ತೇನೆ, ಇಂಥ ದಿನ ಹೊಸಬರು ಬಂದರೆ ನಾನು ಕಟ್ಟಬೇಕಾದ ಒಟ್ಟು ಮೊತ್ತ ಎಷ್ಟು, ಪ್ರತಿಯೊಂದೂ ಅಗ್ರಿಮೆಂಟ್‌ನ ಯಾವ ಕಲಮಿನ ಪ್ರಕಾರ? ಮೇಲ್‌ನ ಒಂದು ಪ್ರತಿ ಮಾಲೀಕರಿಗೂ ಹಾಕಿದೆ. ಅವರ ವಿಳಾಸ ಅಗ್ರಿಮೆಂಟ್‌ನ ಮೊದಲ ಪುಟದಲ್ಲೇ ಇತ್ತು.

ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ ಮಾಲೀಕರಿಂದಲೇ ಎರಡು ಸಾಲು ಬಂತು. ಬೇರೆ ಬಾಡಿಗೆದಾರರು ಸಿಕ್ಕರೆ ಅಲ್ಲಿಯವರೆಗಿನ ಬಾಡಿಗೆ ಸಾಕು, ತಂದೆಯವರಿಗೆ ಬೇಗ ಗುಣವಾಗಲಿ. ಅಷ್ಟೇ. ಅವರಿಗೆ ಬೇಕಿದ್ದದ್ದು ಖಾಲಿ ಬೀಳದ ಮನೆ. ನನ್ನಿಂದ ಎರಡೆರಡು ಬಾಡಿಗೆ ಕೀಳುವ ಆಸೆ ಅವರಿಗೆ ಇರಲೇ ಇಲ್ಲ ಅನ್ನಿಸಿತು. ಆಮೇಲೆ ಕಂಪನಿಯ ಧಾಟಿಯೂ ಬದಲಾಯಿತು. ನೋಟಿಸ್ ಸಾಲನ್ನು "ಸಿಸ್ಟಂ ತಪ್ಪಿನಿಂದ ಸೇರಿಕೊಂಡಿತ್ತು" ಅಂತ ತೆಗೆದರು. ಸಿಸ್ಟಂ ಯಾಕೋ ಯಾವಾಗಲೂ ಅವರ ಕಡೆಗೇ ತಪ್ಪು ಮಾಡುತ್ತದೆ.

ಹೊಸಬರನ್ನು ಹುಡುಕಿದ್ದು ಕೊನೆಗೂ ನಾನೇ. ಆಫೀಸಿನ ಗೆಳತಿಯ ತಮ್ಮ ಮನೆ ಹುಡುಕುತ್ತಿದ್ದ. ಕಂಪನಿಯವರು ಅವನ ಕಾಗದಪತ್ರ ನೋಡಿ ಹೊಸ ಅಗ್ರಿಮೆಂಟ್ ಮಾಡಿಕೊಟ್ಟರು. ಅದಕ್ಕೇ 15 ದಿನದ ಶುಲ್ಕ! ಬರೆದಿದ್ದಕ್ಕೆ ಸಹಿ ಹಾಕಿದ್ದೆ, ಕಟ್ಟಿದೆ. ಇಲ್ಲೊಂದು ಎಚ್ಚರಿಕೆ. ಯಾರನ್ನೋ ಕರೆತಂದು ನಿಮ್ಮ ಅಗ್ರಿಮೆಂಟ್‌ನ ಮೇಲೆಯೇ ಕೂರಿಸಿ ಹೋಗಬೇಡಿ. ಅವರು ಬಾಡಿಗೆ ಕಟ್ಟದಿದ್ದರೆ ಕೇಳುವುದು ನಿಮ್ಮನ್ನೇ. ಹೊಸ ಅಗ್ರಿಮೆಂಟ್ ಅವರ ಹೆಸರಲ್ಲಿ ಆಗಬೇಕು, ನಿಮ್ಮದು ಮುಗಿಯಿತು ಅಂತ ಬೇರೆ ಕಾಗದ ಬರಬೇಕು. ಗೆಳತಿಯ ತಮ್ಮ ಏಳನೇ ತಿಂಗಳ 16ಕ್ಕೆ ಬಂದ. ನಾನು ಹದಿನೈದು ದಿನದ ಬಾಡಿಗೆ ಕೊಟ್ಟೆ. ಅವನಿಗೆ ಮನೆ ತುರ್ತಾಗಿ ಬೇಕಿತ್ತು. ಮೊದಲ ಫೋನಿನ ದಿನವೇ ಜಾಹೀರಾತು ಬಿದ್ದಿದ್ದರೆ ಆ ಎಂಟು ದಿನದ್ದೂ ಉಳಿಯುತ್ತಿತ್ತೇನೋ.

ಈಗ ಆ ಒಂದೂವರೆ ಸ್ಟಾರ್‌ನ ಹುಡುಗ, ಕಂಪನಿಯವನು. ಮನೆ ತಪಾಸಣೆಗೆ ಟ್ಯಾಬ್ ಹಿಡಿದು ಬಂದ. ಬಿಲ್ಲಿನಲ್ಲಿ ಪೇಂಟಿಂಗ್ 15 ದಿನ ಅಂತ ಮೊದಲೇ ಬರೆದಾಗಿತ್ತು, ಇನ್ನೂ ಯಾರೂ ಗೋಡೆ ನೋಡುವ ಮುಂಚೆಯೇ! ಅವನು ಹಾಗೆ ಮಾಡಲಿಲ್ಲ. ಪ್ರತಿ ಕೋಣೆಯಲ್ಲೂ ನಿಂತು, ನಾನು ಸೇರಿದ ದಿನದ ಫೋಟೋ ತೆರೆದು ಪಕ್ಕದಲ್ಲಿ ಹಿಡಿದು ನೋಡಿದ. ಕಿಟಕಿಯ ಕೆಳಗೆ ತೇವದ ಕಲೆ ಇತ್ತು. "ಇದು ಮೊದಲೇ ಇತ್ತು ಮೇಡಂ" ಅಂದು ಹಳೇ ಫೋಟೋ ನನಗೂ ತೋರಿಸಿದ. ಸೋಫಾ ಹಿಂದೆ ಗೋಡೆ ಸ್ವಲ್ಪ ಮಾಸಿತ್ತು. "ಮನುಷ್ಯರು ವಾಸ ಮಾಡಿದರೆ ಇಷ್ಟು ಆಗೇ ಆಗುತ್ತದೆ" ಅಂತ ಬಿಟ್ಟ. ವಾಸದಿಂದ ಸವೆದದ್ದು ಬೇರೆ, ನಾವು ಹಾಳು ಮಾಡಿದ್ದು ಬೇರೆ. ಈ ವ್ಯತ್ಯಾಸ ನನಗೆ ಕಲಿಸಿದ್ದು ಅವನೇ. ಹಾಲ್‌ನಲ್ಲಿ ನಾನು ಹೊಡೆದ ನಾಲ್ಕು ಮೊಳೆಯ ತೂತು ಮಾತ್ರ ಬರೆದುಕೊಂಡ. ಪುಟ್ಟಿ ಹಾಕಿ ಮುಚ್ಚಲು ಒಂದು ದಿನದ ಬಾಡಿಗೆಯಷ್ಟು. ಅದು ನ್ಯಾಯ, ಮರುಮಾತಾಡಲಿಲ್ಲ.

ಕರೆಂಟ್ ಮೀಟರಿನ ಫೋಟೋ ಇಬ್ಬರೂ ತೆಗೆದುಕೊಂಡೆವು. ಕೀ ಎಷ್ಟು ಜೊತೆ ಅಂತ ಬರೆದು ಅವನಿಂದ ಸಹಿ ಹಾಕಿಸಿಕೊಂಡೆ. ಸಾಮಾನು ಸಾಗಿಸಿದ ದಿನ ಬೇರೆ, ಕೀ ಕೊಟ್ಟ ದಿನ ಬೇರೆ. ಕೀ ನಮ್ಮ ಕೈಯಲ್ಲಿ ಇರುವವರೆಗೂ ಮನೆ ನಮ್ಮದೇ ಅಂತ ಲೆಕ್ಕ ಹಾಕುತ್ತಾರೆ. ಸಾಮಾನು ಹೋದಮೇಲೂ ವಾರಗಟ್ಟಲೆ ಕೀ ಇಟ್ಟುಕೊಳ್ಳುವವರು ಇದನ್ನು ನೆನಪಿಡಿ.

ಕೊನೆಯ ಲೆಕ್ಕ: ಬಾಡಿಗೆ 15, ಮರುಬಾಡಿಗೆ ಶುಲ್ಕ 15, ಕ್ಲೀನಿಂಗ್ 3, ತೂತು 1. ಒಟ್ಟು 34 ದಿನ. ಡೆಪಾಸಿಟ್‌ನಲ್ಲಿ 56 ದಿನದ ಬಾಡಿಗೆ ವಾಪಸ್. ಕ್ಲೀನಿಂಗ್ ಬಗ್ಗೆ ಜಗಳ ಆಡಬಹುದಿತ್ತು. ನಾನೇ ಎರಡು ದಿನ ಉಜ್ಜಿ ತೊಳೆದಿದ್ದೆ. ಅಷ್ಟೊತ್ತಿಗೆ ಸಾಕಾಗಿತ್ತು.

ಬಿಲ್ಲಿನಲ್ಲಿ ಬರದ ಖರ್ಚೂ ಇದೆ. ಇಂಟರ್ನೆಟ್ ಒಂದು ವರ್ಷದ ಪ್ಲಾನು, ಮಧ್ಯದಲ್ಲಿ ನಿಲ್ಲಿಸಿದ್ದಕ್ಕೆ ದಂಡ. ಲಾರಿ ಬಾಡಿಗೆ. ನಾನು ಅಪ್ಪ ಅಮ್ಮನ ಮನೆಗೇ ಹೋದೆ, ಹಾಗಾಗಿ ಬಚಾವ್. ಬೇರೆ ಮನೆ ಹಿಡಿಯುವವರಾಗಿದ್ದರೆ ಹಳೇ ಡೆಪಾಸಿಟ್ ಬರುವ ಮುಂಚೆಯೇ ಹೊಸ ಡೆಪಾಸಿಟ್ ಹೊಂದಿಸಬೇಕಿತ್ತು, ಕೆಲವು ವಾರ ಎರಡೂ ಕಡೆ ಬಾಡಿಗೆ ಕಟ್ಟಬೇಕಿತ್ತು. ಸೇರುವಾಗ ರಿಯಾಯಿತಿ ಪಡೆದವರಿಗೆ ಇನ್ನೊಂದು ಏಟು: ಬೇಗ ಬಿಟ್ಟರೆ ಆ ರಿಯಾಯಿತಿಯನ್ನೂ ವಾಪಸ್ ಕಟ್ಟಬೇಕು ಅಂತ ನಮ್ಮ ಅಗ್ರಿಮೆಂಟ್‌ನಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾನು ರಿಯಾಯಿತಿ ಕೇಳಿಯೇ ಇರಲಿಲ್ಲ. ಸಂಕೋಚ ಒಮ್ಮೊಮ್ಮೆ ಹೀಗೂ ಕೈ ಹಿಡಿಯುತ್ತದೆ.

ಡೆಪಾಸಿಟ್ 30 ದಿನದೊಳಗೆ ಕೊಡಬೇಕು ಅಂತ ಅವರದೇ ಅಗ್ರಿಮೆಂಟ್ ಹೇಳುತ್ತದೆ. ಬಂದದ್ದು 41ನೇ ದಿನ, ಮೂರು ಮೇಲ್ ಆದಮೇಲೆ. ನಾನು ಬಾಡಿಗೆ ತಡ ಮಾಡಿದ್ದರೆ ದಿನಕ್ಕಿಷ್ಟು ಅಂತ ದಂಡ ಇತ್ತು. ಅವರ ಹನ್ನೊಂದು ದಿನಕ್ಕೆ ದಂಡ ಇಲ್ಲ. ಅರ್ಧ ಸ್ಟಾರ್ ಕಟ್ ಮಾಡಿದ್ದು ಇದಕ್ಕೇ.

ಅಪ್ಪ ಈಗ ವಾಕರ್ ಹಿಡಿದು ನಡುಮನೆಯವರೆಗೆ ಬರುತ್ತಾರೆ. ಆ್ಯಪ್ ನನ್ನನ್ನು ಇನ್ನೂ ಬಿಟ್ಟಿಲ್ಲ. ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆ ಎಂಟಕ್ಕೆ "ನಿಮ್ಮ ಬಾಡಿಗೆ ಬಾಕಿ ಇದೆ" ಅಂತ ಮೆಸೇಜ್ ಬರುತ್ತದೆ. ಕಾಲ್ ಮಾಡಿ ಹೇಳಿದೆ. ನೋಟ್ ಮಾಡಿಕೊಂಡಿದ್ದಾರಂತೆ.